ಆಟಕ್ಕೆ ಒಡೆಯರಾರು?

ಆಟ ಯಾರದು? ಹಿರಿಯಡ್ಕದಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಹಿರಿಯರು ನಕ್ಕಾರು. ಮದ್ದಳೆಯಿಂದಲೇ ಊರಿನ ಹೆಸರನ್ನು ದೂರದೂರಕ್ಕೆ ಒಯ್ದ ಹಿರಿಯಡ್ಕ ಗೋಪಾಲ ರಾಯರು ನೂರು ವರ್ಷ ತುಂಬಿ, 2020ರಲ್ಲಿ ಕಣ್ಮುಚ್ಚಿದರು. ಅವರ ಬೆರಳುಗಳು ನುಡಿಸಿದ ತಾಳಗಳು ಅವರ ಗುರುಗಳಿಗಿಂತಲೂ ಹಳೆಯವು; ಅವನ್ನು ಯಾರ ಹೆಸರಿಗೂ ಪಟ್ಟಾ ಮಾಡಿಕೊಟ್ಟವರಿಲ್ಲ. ಇದೇ ಸೀಮೆಯ ನಂದಳಿಕೆಯ ಮುದ್ದಣನಾದರೋ ತಾನು ಬರೆದ ಕಾವ್ಯವನ್ನು ಹಳೆಯ ಕವಿಯದೆಂದು ಹೇಳಿ ಅಚ್ಚಿಗೆ ಕಳುಹಿಸಿದನು!

ಆದರೂ ಯಕ್ಷಗಾನವು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ್ದು ಇದೇ ಉಡುಪಿಯಲ್ಲಿ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಬ್ಯಾಲೆಯ ಹೊಸ ರೂಪವನ್ನು ಕೊಟ್ಟಿದ್ದರು. 1997ರಲ್ಲಿ ಅವರು ತೀರಿಕೊಂಡಾಗ, 1994ರ ಉಯಿಲಿನಂತೆ ಅದರ ಹಕ್ಕು ಮಾಲಿನಿ ಮಲ್ಯರಿಗೆ ಬಂದಿತು. 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ತಮ್ಮ ಅನುಮತಿಯಿಲ್ಲದೆ ನಡೆಯಿತೆಂದು ಅವರು ಮಣಿಪಾಲದ ಅಕಾಡೆಮಿಯ ಮೇಲೆ ದಾವೆ ಹೂಡಿದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹಕ್ಕು ಮಲ್ಯರದೇ ಎಂದಿತು. ಕಾನೂನಿನಲ್ಲಿರುವ ವಿನಾಯಿತಿಗಳು ಸಂಸ್ಥೆಗೂ ಉಂಟೆಂದಿತು. ತಾಳ ಊರಿನದು, ಕಾರಂತರು ಕೊಟ್ಟ ರೂಪ ಕಾರಂತರದು.

ಈ ಒಡೆತನ ಎಷ್ಟು ಕಾಲ? ಭಾರತದಲ್ಲಿ ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ. ಮೊದಲು 50 ಇತ್ತು. ಟಾಗೋರರ ಕೃತಿಗಳ ಅವಧಿ ತೀರಿದ ಹೊತ್ತಿಗೆ, 1992ರಲ್ಲಿ, ಹತ್ತು ಸೇರಿತು. ಆ ಲೆಕ್ಕದಂತೆ ಕಾರಂತರ ಕೃತಿಗಳು 2058ರ ಹೊಸವರ್ಷದಂದು ಎಲ್ಲರ ಸೊತ್ತಾಗುವುವು. ಯೂರೋಪಿನಲ್ಲಿ ಈ ಅವಧಿ 70 ವರ್ಷ. ಒಂದೇ ಪುಸ್ತಕ ಒಂದು ದೇಶದಲ್ಲಿ ಬಯಲು, ಇನ್ನೊಂದರಲ್ಲಿ ಬೇಲಿ!

ಕುಣಿದವನಿಗೂ ಹಕ್ಕುಂಟು: ಆಟ ನಡೆದ ಮರುವರ್ಷದಿಂದ 50 ವರ್ಷ. ಆದರೆ ಇಂದು ಆಟದ ಮುಂದಿನ ಸಾಲಿನಲ್ಲಿ ಮೊಬೈಲುಗಳು ಎದ್ದು ನಿಲ್ಲುತ್ತವೆ. ಬೆಳಗಾಗುವುದರೊಳಗೆ ಅಭಿಮನ್ಯುವು ಅಂತರ್ಜಾಲದ ಚಕ್ರವ್ಯೂಹವನ್ನು ಹೊಕ್ಕಿರುತ್ತಾನೆ; ಹೊರಬರುವ ದಾರಿ ಅಲ್ಲಿಯೂ ಇಲ್ಲ. ದುಬೈಯಲ್ಲಿ ಮಗನ ಮನೆಯಲ್ಲಿರುವ ಅಜ್ಜಿ ಊರಿನ ಚೆಂಡೆಯನ್ನು ಕೇಳಿ ಕಣ್ಣೊರೆಸಿಕೊಂಡರೆ, ಅವರನ್ನು ಕಳ್ಳರೆನ್ನಲು ಯಾರಿಗೆ ಮನಸ್ಸು ಬಂದೀತು? ಆದರೆ ಇರುಳೆಲ್ಲ ಕುಣಿದ ವೇಷಧಾರಿಗೆ ಅದರಿಂದ ಬಿಡಿಕಾಸೂ ದೊರೆಯದಿದ್ದರೆ, ಅವನ ಮಗ ಗೆಜ್ಜೆ ಕಟ್ಟುವನೆ?

ಹರಕೆಯ ಆಟಕ್ಕೆ ಟಿಕೇಟಿಲ್ಲ. ಬಂದವರೆಲ್ಲ ಚಾಪೆ ಹಾಸಿ ನೋಡಬಹುದು. ಆದರೆ ಹರಕೆ ಹೊತ್ತವರು ಮೇಳಕ್ಕೆ ವೀಳ್ಯ ಕೊಟ್ಟ ಮೇಲೆಯೇ ಅಲ್ಲವೆ, ಚೌಕಿಯಲ್ಲಿ ದೀಪ ಹತ್ತುವುದು?