ಬೇಲಿಗೊಂದು ದೋಟಿ

ಅಡಿಕೆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ದೋಟಿಯ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿದಿರಿನದು ಹೋಗಿ ಅಲ್ಯೂಮಿನಿಯಂ ಬಂತು, ಈಗ ಕಾರ್ಬನ್ ಫೈಬರ್ ಕಾಲ. ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ, ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅಷ್ಟು ದುಡ್ಡು ಸುರಿದು ಕಾರ್ಬನ್ ದೋಟಿಯನ್ನೇ ಯಾಕೆ ತರುತ್ತೀರಿ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಹಗುರ. ಉದ್ದ ಹೆಚ್ಚಿದ ಹಾಗೆ ತೂಕದ ಲೆಕ್ಕವೇ ಬದಲಾಗುತ್ತದೆ ಎನ್ನುವುದು ಅವರ ಭುಜಗಳಿಗೆ ಗೊತ್ತು. ಮನೆಯ ಮುಂದಿನ ಬೇಲಿ ಸವರಲು ಉದ್ದ ಕೋಲಿನ, ಬ್ಯಾಟರಿಯ ಟ್ರಿಮ್ಮರ್ ಕೊಳ್ಳಬೇಕು ಎಂದುಕೊಂಡವರೂ ಅಲ್ಲಿಂದಲೇ ಶುರುಮಾಡಬೇಕು. ವೋಲ್ಟು, ವಾಟು, ಡಬ್ಬಿಯ ಮೇಲಿನ ಬಣ್ಣದ ಚಿತ್ರ ಎಲ್ಲವೂ ಆಮೇಲಿನ ಮಾತು.

ಮೈಸೂರಿನ ನಮ್ಮ ಮನೆಗೆ ದಾಸವಾಳದ ಬೇಲಿ. ಕಾಂಪೌಂಡಿನ ಗೋಡೆ ನಾಲ್ಕಡಿ, ಅದನ್ನು ದಾಟಿ ಇನ್ನೂ ನಾಲ್ಕಡಿ ಹಸಿರು. ಮುಂಗಾರು ಹಿಡಿದರೆ ಸಾಕು, ತುದಿಗಳು ರಸ್ತೆಗೆ ಚಾಚಿ, ಹೋಗುವ ಬರುವವರ ಮುಖಕ್ಕೆ ನೀರು ಸಿಡಿಸುತ್ತವೆ. ಎದೆಯ ಮಟ್ಟದವರೆಗೆ ಕೈಕತ್ತರಿ ಸುಖ. ಅಲ್ಲಿಂದ ಮೇಲಕ್ಕೆ ಏಣಿ ಬೇಕು, ಅಪಾಯವೂ ಅಲ್ಲಿಂದಲೇ ಶುರು. ಏಣಿಯನ್ನು ಗೋಡೆಗೆ ಒರಗಿಸಬಹುದು, ಬೇಲಿಗೆ ಒರಗಿಸಲಾಗದು. ಪಾತಿಯ ಮೆತ್ತನೆ ಮಣ್ಣಿನಲ್ಲಿ ಅದರ ಒಂದು ಕಾಲು ಸದ್ದಿಲ್ಲದೆ ಇಳಿಯುತ್ತದೆ. ಕತ್ತರಿ ಎರಡೂ ಕೈಯನ್ನು ಬೇಡುತ್ತದೆ, ಹಾಗಾಗಿ ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ. ಅರವತ್ತರ ಆಸುಪಾಸಿನಲ್ಲಿ ಸೊಂಟದ ಮೂಳೆ ಮುರಿದರೆ ಬದುಕಿನ ಗತಿಯೇ ಬದಲಾಗುತ್ತದೆ. ಉದ್ದ ಕೋಲಿನ ಯಂತ್ರಕ್ಕೆ ನಾವು ಕೊಡುವ ಹಣದಲ್ಲಿ ದೊಡ್ಡ ಪಾಲು ಎರಡೂ ಪಾದಗಳನ್ನು ನೆಲದಲ್ಲಿ ಉಳಿಸಿಕೊಳ್ಳುವುದಕ್ಕೆ ಎಂದೇ ನಾನು ತಿಳಿದಿದ್ದೇನೆ.

ಅಂಗಡಿಯ ಹುಡುಗ ಎರಡು ಯಂತ್ರಗಳನ್ನು ಮೇಜಿನ ಮೇಲಿಟ್ಟ. "ಮೇಡಂ, ಇದು 20 ವೋಲ್ಟ್, ಅದು ಬರೀ 18. ಇದೇ ಪವರ್ ಜಾಸ್ತಿ."

ಎರಡರಲ್ಲೂ ಇರುವುದು ಒಂದರ ಹಿಂದೊಂದು ಜೋಡಿಸಿದ ಐದೈದು ಲಿಥಿಯಂ ಸೆಲ್ಲುಗಳೇ. ಸೆಲ್ಲಿನ ಸಾಧಾರಣ ವೋಲ್ಟೇಜು 3.6, ಐದಕ್ಕೆ 18. ಚಾರ್ಜಿನಿಂದ ಆಗಷ್ಟೇ ತೆಗೆದಾಗ ಸೆಲ್ಲಿಗೆ 4ರ ಮೇಲೆ ಇರುತ್ತದೆ, ಐದಕ್ಕೆ 20. ಒಂದೇ ಬ್ಯಾಟರಿಗೆ ಒಬ್ಬರು ಆ ಅಂಕಿ ಬರೆಯುತ್ತಾರೆ, ಇನ್ನೊಬ್ಬರು ಈ ಅಂಕಿ. 36 ವೋಲ್ಟಿನದು ಮಾತ್ರ ನಿಜಕ್ಕೂ ಬೇರೆ ವರ್ಗದ್ದು, ಅದರಲ್ಲಿ ಹತ್ತು ಸೆಲ್ಲುಗಳ ಸಾಲು. ಕೆಲಸ ಎಷ್ಟು ಹೊತ್ತು ನಡೆಯುತ್ತದೆ ಎಂದು ತಿಳಿಯಬೇಕಾದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಬೇಕು. 18 ವೋಲ್ಟಿನ 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 36 ವಾಟ್-ಅವರ್, 4ರದರಲ್ಲಿ 72. ಈ ಗುಣಾಕಾರ ಮಾಡಿಕೊಂಡರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಳೆಯುತ್ತದೆ.

"ಬ್ಯಾಟರಿ ಹಾಕಿ ಕೊಡಪ್ಪ, ಎತ್ತಿ ನೋಡ್ತೀನಿ" ಎಂದೆ. ಬ್ಲೇಡಿಗೆ ಹೊದಿಕೆ ಇದ್ದ ಹಾಗೆಯೇ ಎತ್ತಿದೆ. ಮೊದಲನೆಯದರ ಮೋಟಾರ್ ಕೋಲಿನ ತುದಿಯಲ್ಲಿ, ಬ್ಲೇಡಿನ ಬುಡದಲ್ಲೇ ಕೂತಿತ್ತು. ಕೋಲನ್ನು ಎಳೆದು ಉದ್ದ ಮಾಡಬಹುದು, ಒಟ್ಟು ತೂಕವೂ ಕಡಿಮೆ. ಆದರೂ ಭುಜದೆತ್ತರಕ್ಕೆ ಅಡ್ಡ ಹಿಡಿದ ಸ್ವಲ್ಪ ಹೊತ್ತಿಗೇ ಮುಂಗೈ ನಡುಗಿತು. ಎರಡನೆಯದರ ಮೋಟಾರೂ ಬ್ಯಾಟರಿಯೂ ಹಿಡಿಕೆಯ ಹಿಂದೆ. ಕೋಲಿನೊಳಗೆ ಸರಳೊಂದು ತಿರುಗಿ ಮುಂದಿನ ಬ್ಲೇಡನ್ನು ಓಡಿಸುತ್ತದೆ. ತಕ್ಕಡಿಯಲ್ಲಿ ಅದೇ ಹೆಚ್ಚು ತೂಗುತ್ತದೆ, ಆದರೆ ಭುಜಕ್ಕೆ ಪಟ್ಟಿ ಹಾಕಿಕೊಂಡು ಎತ್ತಿದರೆ ಕೋಲು ಸಮಕ್ಕೆ ನಿಂತಿತು. ಕೈಯಿಂದ ಎರಡು ಮೀಟರ್ ಆಚೆ ಇರುವ ಒಂದು ಕೆ.ಜಿ., ಅರ್ಧ ಮೀಟರ್ ಆಚೆಯ ನಾಲ್ಕು ಕೆ.ಜಿ.ಯಷ್ಟೇ ಬಲದಿಂದ ಕೋಲನ್ನು ಕೆಳಕ್ಕೆ ಬಾಗಿಸುತ್ತದೆ. ದೋಟಿ ಹಿಡಿಯುವವರ ಭುಜ ಹೇಳುವುದೂ ಇದನ್ನೇ. ಬ್ಲೇಡಿನ ಉದ್ದಕ್ಕೂ ಇದೇ ಮಾತು. 60 ಸೆಂ.ಮೀ. ಬ್ಲೇಡು ಬೇಗ ಮುಗಿಸುತ್ತದೆ ಎಂದು ಆಸೆಯಾಗುತ್ತದೆ, ಮನೆಯ ಬೇಲಿಗೆ 45 ಧಾರಾಳ. ನಾನು ಹಿಂದೆ ತೂಕವಿರುವುದನ್ನೇ ಆರಿಸಿದೆ. ಕೋಲು ಉದ್ದವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕೆಳಗಿನ ಅರ್ಧಕ್ಕೆ ಕೈಕತ್ತರಿ ಇದ್ದೇ ಇದೆ. ಅದೇ ಮೋಟಾರಿಗೆ ಹುಲ್ಲು ಹೊಡೆಯುವ ತಲೆಯನ್ನೂ ಸಿಕ್ಕಿಸಬಹುದು.

ಕೋಲಿನ ತುದಿಗೆ ಕತ್ತರಿ ಕಟ್ಟಿ, ವೈರಿಲ್ಲದೆ ಓಡಿಸುವುದು ಸಾಧ್ಯವಾದದ್ದೂ ತೂಕ ಇಳಿದದ್ದರಿಂದಲೇ. ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ವೈರಿಲ್ಲದ ಡ್ರಿಲ್ ತಂದದ್ದು 1961ರಲ್ಲಿ. ಆ ಕಾಲದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ತೂಕ ಹೆಚ್ಚು, ಕಸುವು ಕಡಿಮೆ. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಲೆಕ್ಕ ತಿರುಗಿತು. ಅದರ ಹಿಂದಿನ ದುಡಿಮೆಗಾಗಿ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಜನ ಫೋನನ್ನೂ ಕಾರನ್ನೂ ನೆನೆಸಿ ಅವರನ್ನು ಹೊಗಳುತ್ತಾರೆ. ಏಣಿ ಹತ್ತುವುದನ್ನು ಬಿಟ್ಟ ತೋಟಗಾರರೂ ಅವರಿಗೆ ಋಣಿಗಳು.

ಬ್ಲೇಡಿನ ವಿಷಯಕ್ಕೆ ಬಂದರೆ ನೋಡಬೇಕಾದ್ದು ಹಲ್ಲುಗಳ ನಡುವಿನ ಸಂದು. ಮನೆಬಳಕೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 16ರಿಂದ 20 ಮಿ.ಮೀ. ಸಂದಿಗೆ ಹೊಗದ ಕೊಂಬೆ ಕತ್ತರಿಸುವುದಿಲ್ಲ, ಹೊಕ್ಕ ಬಲಿತ ಕೊಂಬೆಯೂ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಮದರಂಗಿಗೆ, ಡುರಾಂಟಕ್ಕೆ 16 ಸಾಕು. ದಾಸವಾಳದ ಸ್ವಭಾವ ಬೇರೆ. ಅದರ ತೊಗಟೆಯೆಲ್ಲ ನಾರು. ಬ್ಲೇಡು ಮೊಂಡಾಗಿದ್ದರೆ ಕೊಂಬೆ ತುಂಡಾಗುವ ಬದಲು ಜಜ್ಜಿಹೋಗುತ್ತದೆ. ಹಸಿರು ನಾರು ಹಲ್ಲುಗಳ ನಡುವೆ ಎಳೆಯೆಳೆಯಾಗಿ ನೇತಾಡುತ್ತದೆ, ಕತ್ತರಿಸಿದ ತುದಿ ಮಾರನೆಯ ದಿನ ಕಂದುಗಟ್ಟುತ್ತದೆ. ಹಾಗಾಗಿ ಹೆಬ್ಬೆರಳ ಗಾತ್ರದ ಕೊಂಬೆಗಳನ್ನು ಮೊದಲೇ ಗರಗಸದಲ್ಲಿ ತೆಗೆದುಬಿಡುವುದು, ಯಂತ್ರಕ್ಕೆ ಎಳೆಯ ಚಿಗುರನ್ನಷ್ಟೇ ಕೊಡುವುದು ನನ್ನ ಕ್ರಮ. ಕೆಲಸ ಮುಗಿದೊಡನೆ ಬ್ಯಾಟರಿ ಕಳಚಿ, ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಅಂಟು ಒರೆಸಿ, ಎಣ್ಣೆ ಹಚ್ಚಿಡಬೇಕು. ಕಣಗಿಲೆಯ ಬೇಲಿ ಇದ್ದವರು ಕನ್ನಡಕ, ಕೈಗವಸು ಇಲ್ಲದೆ ಮುಟ್ಟಲೇಬಾರದು. ಅದರ ರಸ ವಿಷ, ಓಡುವ ಬ್ಲೇಡು ಅದನ್ನು ಎಲ್ಲಿಗೆ ಬೇಕಾದರೂ ಸಿಡಿಸೀತು.

ತಲೆ ಬಾಗಿಸುವ ಕೀಲು ಗಟ್ಟಿಯಾಗಿದೆಯೇ ಎಂದೂ ನೋಡಿಕೊಳ್ಳಿ. ಬೇಲಿಯ ನೆತ್ತಿಯನ್ನು ನೆಲದಿಂದ ಸಮ ಮಾಡುವುದು ಆ ಕೀಲಿನ ಕೆಲಸ. ಬೇಲಿಯ ಆಕಾರ ಬುಡದಲ್ಲಿ ಅಗಲ, ನೆತ್ತಿಯಲ್ಲಿ ಕಿರಿದು ಇರಬೇಕು. ಇಲ್ಲವಾದರೆ ಮೇಲಿನ ಎಲೆಗಳೇ ಬಿಸಿಲನ್ನೆಲ್ಲ ಕುಡಿದು ಕೆಳಗೆ ಬರಿಯ ಕಡ್ಡಿ ಉಳಿಯುತ್ತದೆ, ಸಂದಿಯಲ್ಲಿ ನಾಯಿ ನುಗ್ಗುತ್ತದೆ.

ಅಂಗಡಿಯವರು ಹೇಳದ ಒಂದು ಮಾತನ್ನು ಒತ್ತಿ ಹೇಳಬೇಕು. ವೈರಿಲ್ಲದ ಯಂತ್ರವಾದ್ದರಿಂದ ಕರೆಂಟಿನ ಭಯವಿಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. ಅಲ್ಯೂಮಿನಿಯಂ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ಕಾರ್ಬನ್ ಫೈಬರಿನಲ್ಲೂ ಹರಿಯುತ್ತದೆ. ದೋಟಿ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಕಡೆಯ ಊರುಗಳಿಗೆ ಹೊಸದಲ್ಲ, ಆ ಮನೆಗಳ ಸಂಕಟವೂ ಹೊಸದಲ್ಲ. ಉದ್ದ ಕೋಲಿನ ಯಂತ್ರಗಳ ಕೈಪಿಡಿ ತಂತಿಯಿಂದ 10 ಮೀಟರ್ ದೂರವಿರಿ ಎನ್ನುತ್ತದೆ, ಕೆಲವು 15 ಎನ್ನುತ್ತವೆ. 30-40ರ ಸೈಟಿನ ಅಗಲವೇ 9 ಮೀಟರ್! ಅಂದರೆ ಮನೆಯ ಮುಂದೆ ತಂತಿ ಹಾದುಹೋಗಿರುವ ಎಷ್ಟೋ ಸೈಟುಗಳಿಗೆ ಈ ಯಂತ್ರ ಹೇಳಿಸಿದ್ದೇ ಅಲ್ಲ. ನಮ್ಮ ಬೀದಿಯಲ್ಲಿ ಕೇಬಲ್ ನೆಲದಡಿ ಇದೆ. ಇಲ್ಲದಿದ್ದರೆ ನಾನು ಬೇಲಿಯನ್ನೇ ಐದಡಿಗೆ ಇಳಿಸಿ ಕೈಕತ್ತರಿಯಲ್ಲೇ ಸಾಗಿಸುತ್ತಿದ್ದೆ. ತಂತಿಯ ಕೆಳಗೆ ಬೆಳೆದದ್ದನ್ನು ವಿದ್ಯುತ್ ನಿಗಮದವರಿಗೆ ತಿಳಿಸಿ, ಲೈನ್‌ಮನ್ ಕರೆಂಟು ತೆಗೆದ ಮೇಲೆಯೇ ಕಡಿಸಬೇಕು.

ಯಂತ್ರ ಹಚ್ಚುವ ಮೊದಲು ಬೇಲಿಯ ಒಳಗೆ ಕೈಯಾಡಿಸಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಸಿಂಪಿಗ ಎಲೆಯನ್ನು ನಾರಿನಿಂದ ಹೊಲಿದು ಗೂಡು ಮಾಡುತ್ತದೆ. ಹೊರಗಿನಿಂದ ಅದು ಮಡಿಚಿದ ಎಲೆಯಷ್ಟೇ. ಪಿಕಳಾರದ ಬಟ್ಟಲುಗೂಡು ಇನ್ನಷ್ಟು ಒಳಗೆ, ಎದೆಯೆತ್ತರದಲ್ಲಿ ಸಿಗುತ್ತದೆ. ಕೈಕತ್ತರಿಯಾದರೆ ಗೂಡು ಕಂಡಾಗ ಕೈ ತಾನೇ ನಿಲ್ಲುತ್ತದೆ. ಓಡುವ ಬ್ಲೇಡು ಕಣ್ಣಿಗೆ ಅಷ್ಟು ಸಮಯ ಕೊಡುವುದಿಲ್ಲ. ಗೂಡಿದ್ದರೆ ಆ ಭಾಗ ಮರಿ ಹಾರುವವರೆಗೆ ಹಾಗೆಯೇ ಬೆಳೆಯಲಿ, ಬೀದಿಗೆ ಸ್ವಲ್ಪ ಚಾಚಿದರೂ ಚಿಂತೆಯಿಲ್ಲ.

ಇನ್ನು ಹೂವಿನ ಮಾತು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಬೇಲಿಯನ್ನು ಪೂರ್ತಿ ನುಣ್ಣಗೆ ಮಾಡಿದರೆ ಮೊಗ್ಗೆಲ್ಲ ಕಸದ ಗುಡ್ಡೆಗೆ ಹೋಗುತ್ತವೆ. ಪಕ್ಕದ ಮನೆಯ ಅಜ್ಜಿ ದಿನವೂ ಬುಟ್ಟಿ ಹಿಡಿದು ಬರುವವರು. ಯಂತ್ರದ ಸದ್ದು ಕೇಳಿ ಗೇಟಿನ ಹತ್ತಿರ ಬಂದು ನಿಂತರು. "ಈ ಕಡೇದು ಬಿಟ್ಟಿರಮ್ಮ, ಶುಕ್ರವಾರಕ್ಕೆ ಹೂ ಬೇಕು." ಈಗ ಒಮ್ಮೆ ರಸ್ತೆಯ ಬದಿ, ಅದು ಚಿಗುರಿ ಮೊಗ್ಗು ಕಟ್ಟಿದ ಮೇಲೆ ಅಜ್ಜಿಯ ಬದಿ. 4 ಆಂಪಿಯರ್-ಅವರಿನ ಬ್ಯಾಟರಿ ಒಂದು ಚಾರ್ಜಿಗೆ ಒಂದು ಬದಿಯನ್ನು ಮುಗಿಸಿ ಸ್ವಲ್ಪ ಉಳಿಯುತ್ತದೆ. ಉಳಿದ ದಿನ ಅದನ್ನು ಅರ್ಧ ಚಾರ್ಜಿನಲ್ಲಿ ನೆರಳಿನ ಕಪಾಟಿನಲ್ಲಿ ಇಡುತ್ತೇನೆ. ಎರಡನೆಯ ಬ್ಯಾಟರಿ ತಗೊಳ್ಳಿ ಎಂದು ಅಂಗಡಿಯ ಹುಡುಗ ಒತ್ತಾಯಿಸಿದ್ದ. ಆ ದುಡ್ಡಿನಲ್ಲಿ ಬದಲಿ ಬ್ಲೇಡೊಂದನ್ನು ತರಿಸಿಟ್ಟುಕೊಂಡಿದ್ದೇನೆ. ದಾಸವಾಳದ ನಾರಿಗೆ ಅದೇ ಮೊದಲು ಬೇಕಾಗುವುದು.