ಬೆಡ್‌ಫರ್ಡಿನ ಸೆರೆಮನೆ

ಲಂಡನ್ನಿನಿಂದ ಉತ್ತರಕ್ಕೆ ಸುಮಾರು 50 ಮೈಲಿ ದೂರದಲ್ಲಿ, ಊಸ್ ನದೀತೀರದಲ್ಲಿ ಬೆಡ್‌ಫರ್ಡ್ ಪಟ್ಟಣವಿರುವುದು. ಜಾನ್ ಬನ್ಯನ್ನನು ಸೆರೆಯಿದ್ದ ಸ್ಥಳವನ್ನು ಕಾಣಬೇಕೆಂದು ನಾವು ಅಲ್ಲಿಗೆ ಹೋಗಿದ್ದೆವು. ಸೆರೆಮನೆಯನ್ನು 1801ರಲ್ಲಿ ಕೆಡವಿದರು. ಸಿಲ್ವರ್ ಸ್ಟ್ರೀಟಿನ ಮೂಲೆಯಲ್ಲಿ ಅದರ ನೆಲೆಯನ್ನು ತೋರಿಸುವ ಫಲಕವೊಂದು ಮಾತ್ರ ಉಳಿದಿದೆ.

ಬನ್ಯನ್ನನು ಪಾತ್ರೆಗಳನ್ನು ಬೆಸೆಯುವ ವೃತ್ತಿಯವನು. ರಾಜನೇ ಶಿರಸ್ಸಾಗಿದ್ದ ಇಂಗ್ಲೆಂಡಿನ ಸಭೆಯ ಅನುಜ್ಞೆಯಿಲ್ಲದೆ ಉಪದೇಶ ಮಾಡಿದನೆಂದು 1660ರಲ್ಲಿ ಅವನನ್ನು ಬಂಧಿಸಿದರು. ಉಭಯ ಪಕ್ಷದವರೂ ಪ್ರಾಟೆಸ್ಟಂಟರೇ. ಯಾರು ಉಪದೇಶಿಸಬೇಕು, ಯಾವ ಕ್ರಮದಿಂದ ಪ್ರಾರ್ಥಿಸಬೇಕು ಎಂಬುದರಲ್ಲಿ ವಿವಾದ. ಇನ್ನು ಉಪದೇಶಿಸೆನೆಂದು ಮಾತು ಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಕೊಡಲೊಲ್ಲದೆ ಸುಮಾರು 12 ವರ್ಷ ಸೆರೆಯಲ್ಲಿ ಕಳೆದನು; ಲಾಡಿಗಳಿಗೆ ಲೋಹದ ತುದಿ ಕಟ್ಟಿ ಸಂಸಾರಕ್ಕೆ ನೆರವಾಗುತ್ತಿದ್ದನು.

ಸೇತುವೆಯ ಬಳಿ 'ಸ್ವಾನ್' ಎಂಬ ವಸತಿಗೃಹವಿದೆ. ಅಲ್ಲಿದ್ದ ಹಳೆಯ ಛತ್ರದಲ್ಲಿ 1661ರ ಆಗಸ್ಟಿನಲ್ಲಿ ಅವನ ಎರಡನೆಯ ಪತ್ನಿ ಎಲಿಜಬೆತ್ ನ್ಯಾಯಾಧೀಶರಲ್ಲಿ ಮೊರೆಯಿಟ್ಟಳು. ಮೊದಲ ಹೆಂಡತಿಯ ನಾಲ್ವರು ಮಕ್ಕಳು ಆಕೆಯ ಪಾಲಿಗಿದ್ದರು. ಹಿರಿಯವಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಗಂಡನು ಉಪದೇಶವನ್ನು ಬಿಡುವನೇ ಎಂದು ಕೇಳಿದರು. ನಾಲಗೆಯಾಡುವವರೆಗೆ ಬಿಡನೆಂದು ಆಕೆಯೇ ಹೇಳಿದಳು! ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧೀಶನು ಕನಿಕರಪಟ್ಟನು. ಬಿಡುಗಡೆ ಮಾತ್ರ ದೊರೆಯಲಿಲ್ಲ.

ಕೊನೆಗೆ 1672ರಲ್ಲಿ ರಾಜಘೋಷಣೆಯಿಂದ ಬನ್ಯನ್ನನು ಹೊರಬಂದನು. 1678ರ ಅವನ ಗ್ರಂಥವು 'ಯಾತ್ರಿಕನ ಸಂಚಾರ'ವೆಂಬ ಹೆಸರಿನಿಂದ 19ನೆಯ ಶತಮಾನದಲ್ಲಿ ಕನ್ನಡಕ್ಕೂ ಬಂದಿತು. ಭಿನ್ನಮತೀಯರಿಗೆ ಪ್ರತ್ಯೇಕ ಆರಾಧನೆಯ ಹಕ್ಕನ್ನಿತ್ತ ಶಾಸನವು 1689ರದು. ಅದರ ಹಿಂದಿನ ವರ್ಷವೇ ಅವನು ತೀರಿಕೊಂಡಿದ್ದನು.

1874ರಲ್ಲಿ ಸ್ಥಾಪಿಸಿದ ಅವನ ಕಂಚಿನ ಪ್ರತಿಮೆಯನ್ನೂ ನೋಡಿದೆವು. ವಾಚಕರೇ, ಸಹಧರ್ಮಿಣಿಯೆಂಬ ನಮ್ಮ ಮಾತಿಗೆ ತಕ್ಕವಳಾದ ಎಲಿಜಬೆತ್ತಳೇ ಆಗ ನಮ್ಮ ನೆನಪಿಗೆ ಬಂದವಳು.