ಗೊಡ್ಡು ತೊಗರಿ ಎತ್ತಿದ ಪ್ರಶ್ನೆ

ಕಲಬುರಗಿ ಜಿಲ್ಲೆಯ ಕೊಳಕೂರದ ಒಂದು ಮನೆಯಲ್ಲಿ ಪಿಯುಸಿ ಓದುವ ಮಗಳು ಜೀವಶಾಸ್ತ್ರದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಜೀವಿ ಎಂದರೆ ಉಣ್ಣಬೇಕು, ಉಸಿರಾಡಬೇಕು, ಬೆಳೆಯಬೇಕು, ತನ್ನಂಥದನ್ನು ಹುಟ್ಟಿಸಬೇಕು. ವೈರಸ್ಸಿಗೆ ಸ್ವಂತ ಜೀವಕೋಶವಿಲ್ಲ, ಉಸಿರಿಲ್ಲ; ಬೇರೊಂದು ಜೀವಿಯ ಕೋಶ ಹೊಕ್ಕರೆ ಮಾತ್ರ ಅದರ ಸಂತಾನ ಬೆಳೆಯುತ್ತದೆ. ಅದು ಜೀವಿಯೋ, ನಿರ್ಜೀವಿಯೋ? ಎರಡೂ ಕಡೆಯ ಒಂದೊಂದು ಲಕ್ಷಣ ಬರೆದರೆ ಎರಡು ಅಂಕ ಬಂದಂತೆ.

ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ತಲೆಯಲ್ಲಿ ಇದ್ದದ್ದು ತೊಗರಿ. ದೀಪಾವಳಿ ಮುಗಿದು ಸುತ್ತಲಿನ ಹೊಲಗಳು ಹಳದಿ ಹೂ ಹೊತ್ತಿದ್ದವು. ಆತನ ಹೊಲದ ಒಂದು ಮಗ್ಗುಲಲ್ಲಿ ಮಾತ್ರ ಗಿಡಗಳು ಪೊದೆಯಂತೆ ಕವಲೊಡೆದು, ಸಣ್ಣ ಎಲೆಗಳ ಮೇಲೆ ತಿಳಿಹಳದಿ ಮಚ್ಚೆ ಹೊತ್ತು ನಿಂತಿದ್ದವು. ಹೂವಿಲ್ಲ, ಕಾಯಿಲ್ಲ. ಇದಕ್ಕೆ ಗೊಡ್ಡು ರೋಗ ಎನ್ನುತ್ತಾರೆ. ಮಗಳ ಕಾಲೇಜಿನ ಖರ್ಚು ಆ ಕಾಯಿಯಿಂದಲೇ ಬರಬೇಕಾಗಿತ್ತು.

"ಹುಟ್ಟಿಸಿದ್ರ ಜೀವ ಅಂತಿ. ನಮ್ಮ ತೊಗರಿ ಕಾಳು ಕಟ್ಟಂಗಿಲ್ಲ. ಹಂಗಾದ್ರ ಅದು ಸತ್ತದ ಏನವ್ವ?"

ಮಗಳು ಪುಸ್ತಕ ಮುಚ್ಚಿದಳು. ಅಪ್ಪನ ಮಾತು ತಮಾಷೆಯದಲ್ಲ. ಗೊಡ್ಡು ತೊಗರಿ ನೀರು ಹೀರುತ್ತದೆ, ಬಿಸಿಲು ಉಣ್ಣುತ್ತದೆ, ಬೀಜ ಮಾತ್ರ ಕೊಡದು. ಅದರೊಳಗಿನ ವೈರಸ್ಸು ಉಣ್ಣದು, ಉಸಿರಾಡದು, ಆದರೆ ಲೆಕ್ಕವಿಲ್ಲದಷ್ಟು ಆಗುತ್ತದೆ. ಹುಟ್ಟಿಸುವುದೊಂದನ್ನೇ ಅಳತೆಗೋಲು ಮಾಡಿದರೆ ಗಿಡ ಸತ್ತಂತೆ, ವೈರಸ್ಸು ಬದುಕಿದಂತೆ! ಹೇಸರಗತ್ತೆಯೂ ಮರಿ ಹಾಕುವುದಿಲ್ಲ. ಅದನ್ನು ನಿರ್ಜೀವ ಎಂದವರುಂಟೆ?

ಗೊಡ್ಡು ರೋಗ 1931ರಲ್ಲಿ ಬಿಹಾರದ ಪೂಸಾದಿಂದ ವರದಿಯಾಯಿತು. ಬರಿಗಣ್ಣಿಗೆ ಕಾಣದ ಒಂದು ನುಸಿ ಅದನ್ನು ಗಾಳಿಯ ಜೊತೆ ಗಿಡದಿಂದ ಗಿಡಕ್ಕೆ ಒಯ್ಯುತ್ತದೆ ಎಂಬುದು ತಿಳಿದ ಮೇಲೂ, ನುಸಿ ಹೊತ್ತು ತರುವ ವಸ್ತು ಯಾವುದೆಂದು ಕೈಗೆ ಸಿಗಲಿಲ್ಲ. ಗಿಡದಿಂದ ಬೇರ್ಪಡಿಸಿ ಹಿಡಿಯುವುದೇ ಕಷ್ಟವಾಗಿತ್ತು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಸೇರಿ ಅದು ವೈರಸ್ ಎಂದು ತೋರಿಸುವ ಹೊತ್ತಿಗೆ 2000ನೇ ಇಸವಿ ಬಂದಿತ್ತು.

ತಂಬಾಕಿನ ವೈರಸ್ಸಿನದು ಇನ್ನೂ ಸೋಜಿಗದ ಕಥೆ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟಾನ್ಲಿ ಅದನ್ನು ಹರಳು ಮಾಡಿದರು. ಹರಳುಗಟ್ಟುವುದು ಉಪ್ಪು, ಸಕ್ಕರೆಯ ಗುಣ. ಆದರೆ ಆ ಹರಳು ಕರಗಿಸಿ ಎಲೆಗೆ ಸವರಿದರೆ ಮತ್ತೆ ರೋಗ! 1946ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿದ್ದು ಜೀವದ ವಿಭಾಗದಲ್ಲಲ್ಲ, ರಸಾಯನಶಾಸ್ತ್ರದಲ್ಲಿ. ಸೀಸೆಯಲ್ಲಿದ್ದಾಗ ವೈರಸ್ಸು ಬರೀ ವಸ್ತು. ಎಲೆಯೊಳಗೆ ಹೊಕ್ಕಾಗ ನಡೆಯುವುದು ಜೀವದ ಕೆಲಸವೇ ಹೌದು. ಆದರೆ ದುಡಿಯುವುದು ಗಿಡದ ಕೋಶ. ಆದ್ದರಿಂದ ಬದುಕಿರುವುದು ಗಿಡ, ವೈರಸ್ಸಿನದು ಎರವಲು ಬದುಕು ಎನ್ನುವುದೇ ಹೆಚ್ಚು ಸರಿ.

"ಯಾವ ಎಣ್ಣಿ ಹೊಡದ್ರ ಸಾಯ್ತದ?" ಎಂದ ಅಪ್ಪ.

"ವೈರಸ್ಸು ಸಾಯಿಸೋ ಎಣ್ಣಿ ಇಲ್ಲಪ್ಪ. ಮೊದಲೇ ಆಗಿದ್ರ ನುಸಿಗೆ ಹೊಡೀಬಹುದಿತ್ತು. ಈಗ ಗಿಡಾನೇ ಕಿತ್ತು ಹಾಕಬೇಕು."

ಬರುವ ವರ್ಷ ಈ ರೋಗ ತಡೆಯುವ ಆಶಾ ತಳಿಯ ಬೀಜ ಬಿತ್ತಬಹುದು. ಆದರೆ ಬೇಸಿಗೆಯಲ್ಲಿ ಬದುವಿನ ಮೇಲೆ ಹಸಿರಾಗಿ ಉಳಿಯುವ ಹಳೆ ತೊಗರಿ ಗಿಡದಲ್ಲಿ ನುಸಿಯೂ ವೈರಸ್ಸೂ ಮಳೆಗಾಲದವರೆಗೆ ಕಾದಿರುತ್ತವೆ. ಮರುದಿನ ಅಪ್ಪ ಕುಡುಗೋಲು ಹಿಡಿದು ಹೊರಟಾಗ ಅವ್ವ ಅಡ್ಡ ಬಂದಳು. ಬದುವಿನ ಆ ಗಿಡವನ್ನು ಹಸಿ ಕಾಯಿಗೆಂದು ಆಕೆಯೇ ಉಳಿಸಿದ್ದಳು.

"ಅದು ಹಸರ ಅದ. ಜೀವ ಇರೂ ಗಿಡ ಯಾಕ ಕಡೀತೀರಿ?"

ಆತ ಒಂದು ಎಲೆ ಕಿತ್ತು, ಮಚ್ಚೆ ಕಾಣುವಂತೆ ಬಿಸಿಲಿಗೆ ಹಿಡಿದು ಆಕೆಗೆ ತೋರಿಸಿದ.